ಬಾಗಿಲ ಒಳಗೋ ಹೊರಗೋ: ನಂದಿನಿ ಲೇಔಟ್‌ನ ಒಂದು ಬೆಕ್ಕಿನ ಮರಿ ವಿಚಾರ

ಜುಲೈ ತಿಂಗಳ ಒಂದು ರಾತ್ರಿ. ದಿನದ ಸುದ್ದಿ ಕಳಿಸಿ ಊಟಕ್ಕೆ ಕೂರುವ ಹೊತ್ತಿಗೆ ಕೆಳಗಿನ ರಸ್ತೆಯಿಂದ ಒಂದೇ ಸಮನೆ ಕಿರುಚಾಟ ಕೇಳಿಸಿತು. ಹೋಗಿ ನೋಡಿದರೆ, ನಿಲ್ಲಿಸಿದ್ದ ಗೂಡ್ಸ್ ಆಟೋದ ಕೆಳಗೆ, ಹಿಂದಿನ ಚಕ್ರಕ್ಕೆ ಒತ್ತಿಕೊಂಡು ಕೂತ ಒಂದು ಬೆಕ್ಕಿನ ಮರಿ. ಮಳೆಗೆ ನೆನೆದು ಇಲಿಯಷ್ಟಾಗಿತ್ತು. ಗಂಟಲು ಮಾತ್ರ ಜೋರು.

ತಕ್ಷಣ ಎತ್ತಿಕೊಂಡು ಬರಲಿಲ್ಲ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಲೆಕ್ಕ ಏಳೇ ಇರಬೇಕೆಂದಿಲ್ಲ, ಆದರೆ ಮಾತು ನಿಜ. ತಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಜಾಗ ಬದಲಿಸುವಾಗ ಉಳಿದವು ಒಂಟಿಯಾಗಿ ಕೂಗುತ್ತಿರುತ್ತವೆ. ಅಂಥ ಮರಿಯನ್ನು 'ರಕ್ಷಣೆ' ಮಾಡಿದರೆ ತಾಯಿಯಿಂದ ಕದ್ದಂತಾಗುತ್ತದೆ. ಹಾಗಾಗಿ ಒಂದು ರಟ್ಟಿನ ಡಬ್ಬದಲ್ಲಿ ಹಳೇ ಬಟ್ಟೆ ಹಾಸಿ, ಮಳೆ ಬೀಳದ ಕಡೆ ಇಟ್ಟು, ಮೆಟ್ಟಿಲ ಮೇಲೆ ಕೂತು ಕಾದೆವು. ಬೆಳಗಿನ ಜಾವ ಮೂರಾದರೂ ತಾಯಿ ಬರಲಿಲ್ಲ, ಮಳೆಯೂ ನಿಲ್ಲಲಿಲ್ಲ. ಕೊನೆಗೆ ಒಳಗೆ ತಂದೆವು. ಇನ್ನೊಂದು ದಿನ ಕಾಯಬೇಕಿತ್ತೇ ಎಂಬ ಅನುಮಾನ ಈಗಲೂ ಇದೆ.

ಹಿಡಿಯುವ ಭರದಲ್ಲಿ ನಮ್ಮ ಕೈಗೆ ಎರಡು ಗೆರೆ ಎಳೆಯಿತು. ರಕ್ತ ಬಂತು. ಬೆಳಿಗ್ಗೆ ಸೋಪು ಹಚ್ಚಿ ತೊಳೆದು ಸುಮ್ಮನಾಗುವವರೇ ಹೆಚ್ಚು, ಅದಕ್ಕೇ ಹೇಳುತ್ತಿದ್ದೇವೆ: ಬೆಕ್ಕು ಪರಚಿದರೂ ರೇಬಿಸ್ ಸೂಜಿ ಬೇಕು. ಹದಿನೈದು ನಿಮಿಷ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಬೇಕು, ಆಮೇಲೆ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ಸೂಜಿ 0, 3, 7 ಮತ್ತು 28ನೇ ದಿನಕ್ಕೆ. ರಕ್ತ ಬಂದ ಗಾಯಕ್ಕೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಕೊಡುತ್ತಾರೆ. ನಾಯಿ ಕಡಿತದ ಸುದ್ದಿ ಎಷ್ಟು ಬರೆದಿದ್ದೇವೋ ಲೆಕ್ಕವಿಲ್ಲ, ಸೂಜಿಗೆ ಕೈ ಒಡ್ಡಿದ್ದು ಮಾತ್ರ ಇದೇ ಮೊದಲು.

ಪ್ರಾವಿಜನ್ ಸ್ಟೋರಿನ ತಕ್ಕಡಿಯಲ್ಲಿ ಮರಿ 480 ಗ್ರಾಂ ತೂಗಿತು. ಪಶುವೈದ್ಯರು ಹಲ್ಲು ನೋಡಿ, ಕಣ್ಣಿನ ನೀಲಿ ಬಣ್ಣ ಇನ್ನೂ ಬದಲಾಗಿಲ್ಲ ಎಂದು ತೋರಿಸಿ, ಐದು ವಾರ ಇರಬಹುದು ಅಂದರು. ಹೆಣ್ಣು. ಹಸುವಿನ ಹಾಲು ಕೊಡಬೇಡಿ, ಭೇದಿಯಾಗುತ್ತದೆ ಅಂದರು. ಮೈಬಣ್ಣ ನೋಡಿ ಜೀರಿಗೆ ಎಂದು ಹೆಸರಿಟ್ಟೆವು. ಹೆಸರಿಡುವುದು ಸುಲಭ. ಒಂದು ವಾರ ಕಳೆದು, ಮರಿ ಪರದೆ ಹತ್ತಲು ಶುರು ಮಾಡಿದ ಮೇಲೆ ನಿಜವಾದ ಪ್ರಶ್ನೆ ಬಂತು. ಇದು ಮನೆ ಒಳಗೇ ಬೆಳೆಯಬೇಕೋ, ಹೊರಗೆ ಬಿಟ್ಟು ಎರಡು ಹೊತ್ತು ಊಟ ಹಾಕಿದರೆ ಸಾಕೋ?

ಕೆಳಗಡೆ ಇರುವ ಓನರ್ ಆಂಟಿ ಮೊದಲ ದಿನವೇ ತೀರ್ಪು ಕೊಟ್ಟಿದ್ದರು. "ಒಳಗಿಟ್ಕೊಂಡ್ರೆ ಮನೆಯೆಲ್ಲಾ ನಾರುತ್ತೆ ಕಣಪ್ಪ. ಹೊರಗೇ ಇರ್ಲಿ, ಊಟ ಹಾಕಿ, ಬೇಡ ಅನ್ನಲ್ಲ." ಶಿರಾ ಕಡೆಯಿಂದ ಬಂದು ನಮ್ಮ ಜೊತೆ ಎರಡು ತಿಂಗಳಿದ್ದ ಅಮ್ಮನದೂ ಅದೇ ಅಭಿಪ್ರಾಯ, ಕಾರಣ ಬೇರೆ. "ಕೊತ್ತೀನ ಯಾರಾದ್ರೂ ಕೂಡಾಕ್ತಾರೇನ್ಲಾ? ಅದು ಅದ್ರ ಪಾಡಿಗೆ ತಿರುಗ್ಬೇಕು." ಆಫೀಸಿನ ಗೆಳೆಯರು, ಬೆಕ್ಕು ಸ್ವತಂತ್ರ ಜೀವಿ, ಒಳಗಿಡುವುದು ಹಿಂಸೆ ಅಂದರು. ಇವರಲ್ಲಿ ಯಾರೂ ಕೆಟ್ಟವರಲ್ಲ. ಆರು ತಿಂಗಳ ಹಿಂದೆ ಆಗಿದ್ದರೆ ನಾವೂ ಹಾಗೇ ಹೇಳುತ್ತಿದ್ದೆವು.

ಕಳೆದ ವರ್ಷ ನಮ್ಮ ಮೆಟ್ಟಿಲ ಮೇಲೆ ಒಂದು ಕರೀ ಬೆಕ್ಕು ಬಂದು ಕೂರುತ್ತಿತ್ತು. ಕರಿಯ ಅನ್ನುತ್ತಿದ್ದೆವು. ಎಂಟು ತಿಂಗಳು ಅದಕ್ಕೆ ಅನ್ನ, ಮೀನಿನ ತಲೆ, ಕೆಲವೊಮ್ಮೆ ಅಂಗಡಿಯ ಆಹಾರ ಹಾಕಿದೆವು. ಸೂಜಿ ಹಾಕಿಸಲಿಲ್ಲ, ಆಪರೇಷನ್ ಮಾಡಿಸಲಿಲ್ಲ. ನಮ್ಮದಲ್ಲವಲ್ಲ! ಬರುತ್ತೆ, ತಿನ್ನುತ್ತೆ, ಹೋಗುತ್ತೆ. ಒಂದು ಬೆಳಿಗ್ಗೆ ಸಂಪಿನ ಪಕ್ಕ ಮಲಗಿದಂತೆ ಬಿದ್ದಿತ್ತು. ಬಾಯಲ್ಲಿ ನೊರೆ. ಯಾವುದೋ ಮನೆಯವರು ಇಲಿಗೆ ಇಟ್ಟ ಪಾಷಾಣವನ್ನೋ, ಪಾಷಾಣ ತಿಂದ ಇಲಿಯನ್ನೋ ತಿಂದಿರಬೇಕು ಅಂದರು ವೈದ್ಯರು. ಯಾರನ್ನು ಕೇಳುವುದು? ಇಲಿ ಕಾಟ ಇರುವವರು ಪಾಷಾಣ ಇಡುತ್ತಾರೆ, ಅದು ಅಪರಾಧವಲ್ಲ. ಕರಿಯನ ಹೆಸರಲ್ಲಿ ಒಂದು ದೂರು ಕೊಡಲಿಕ್ಕೂ ನಮಗೆ ಬಾಯಿರಲಿಲ್ಲ. ಎಂಟು ತಿಂಗಳು ಊಟ ಹಾಕಿದ್ದರ ಅರ್ಥ ಅಷ್ಟೇ: ಪ್ರೀತಿ ನಮ್ಮದು, ಹೊಣೆ ಬೀದಿಯದು.

ಆ ಬೆಳಗಿನ ನಂತರ 'ಬೆಕ್ಕಿನ ಸ್ವಾತಂತ್ರ್ಯ' ಅನ್ನುವ ಮಾತು ಕೇಳಿದರೆ ನಮಗೆ ಸ್ವಲ್ಪ ಮುಜುಗರ. ಅದರಲ್ಲಿ ಬೆಕ್ಕಿನ ಪಾಲೆಷ್ಟು, ನಮ್ಮ ಅನುಕೂಲದ ಪಾಲೆಷ್ಟು ಎಂದು ಲೆಕ್ಕ ಹಾಕುವಂತಾಗಿದೆ.

ಅಮ್ಮನ ಹತ್ತಿರ ಇದೇ ಮಾತು ತೆಗೆದೆವು. ಊರಲ್ಲಿ ನಮ್ಮ ಮನೆಯ ಅಟ್ಟದಲ್ಲಿ ಯಾವಾಗಲೂ ಒಂದು ಕೊತ್ತಿ ಇರುತ್ತಿತ್ತು. ರಾಗಿ ಮೂಟೆ, ಕಡಲೆಕಾಯಿ ಚೀಲ ಇಲಿಯಿಂದ ಉಳಿಯುತ್ತಿದ್ದುದು ಅದರಿಂದಲೇ. ಚೆನ್ನಾಗಿಯೇ ಇರುತ್ತಿದ್ದವಲ್ಲ ಅಂದೆವು. ಅಮ್ಮ ಸೊಪ್ಪು ಬಿಡಿಸುತ್ತಾ ಸುಮ್ಮನೆ ಲೆಕ್ಕ ಹೇಳತೊಡಗಿದರು. ಒಂದು ಸೂಲಿಗೆ ನಾಲ್ಕು ಮರಿ. ಒಂದನ್ನು ಗಂಡು ಕೊತ್ತಿ ಕೊಂದುಬಿಡೋದು. ಒಂದನ್ನು ನಾಯಿ. ಇನ್ನೊಂದು ಬೆದಿ ಆಗಿ ಹೋಗೋದು. ಉಳಿದರೆ ಒಂದು. "ಹಂಗೇ ಅದು. ಯಾರು ಲೆಕ್ಕ ಇಟ್ಟವ್ರೆ?" ಲೆಕ್ಕ ಇಟ್ಟಿದ್ದವರು ಅವರೇ. ನಮ್ಮ ನೆನಪಿನಲ್ಲಿ ಇರುವುದು ಅಟ್ಟದ ಮೇಲೆ ಬಿಸಿಲು ಕಾಯಿಸುತ್ತಿದ್ದ ಆ ಉಳಿದ ಒಂದು ಬೆಕ್ಕು ಮಾತ್ರ.

ಹೊರಗೆ ಬಿಟ್ಟರೂ ಬೆಕ್ಕು ನೆಮ್ಮದಿಯಾಗಿರುವ ಜಾಗ ನಮ್ಮ ರಾಜ್ಯದಲ್ಲಿ ಇಲ್ಲವೆಂದಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಬೆಕ್ಕಳಲೆ ಬಗ್ಗೆ ನೀವು ಓದಿರುತ್ತೀರಿ. ಅಲ್ಲಿ ಮಂಗಮ್ಮ ದೇವಿ ಬೆಕ್ಕಿನ ರೂಪದಲ್ಲಿ ಬಂದಳು ಎಂಬ ನಂಬಿಕೆ. ಬೆಕ್ಕಿಗೆ ಗುಡಿ ಇದೆ, ಪೂಜೆ ಇದೆ. ಬೆಕ್ಕಿಗೆ ಯಾರೂ ತೊಂದರೆ ಕೊಡುವಂತಿಲ್ಲ. ಸತ್ತ ಬೆಕ್ಕು ಕಂಡರೆ ಬಿಟ್ಟು ಹೋಗುವುದಿಲ್ಲ, ಹೂಳುತ್ತಾರೆ. ನಂಬಿಕೆಯ ಬಗ್ಗೆ ಅವರವರ ಅಭಿಪ್ರಾಯ ಅವರವರಿಗೆ. ನಮಗೆ ಮುಖ್ಯ ಅನ್ನಿಸಿದ್ದು ಬೇರೆ. ಆ ಊರಲ್ಲಿ 'ಹೊರಗೆ' ಅಂದರೆ ಬರೀ ಬಯಲಲ್ಲ. ಊರಿಗೆ ಊರೇ ಮಾಡಿಕೊಂಡ ಒಂದು ಒಪ್ಪಂದ. ಯಾರ ಮನೆಯ ಹೊಸ್ತಿಲು ದಾಟಿದರೂ ಬೆಕ್ಕಿಗೆ ಹೊಡೆತ ಬೀಳುವುದಿಲ್ಲ ಎಂಬ ಒಪ್ಪಂದ.

ನಂದಿನಿ ಲೇಔಟ್‌ನಲ್ಲಿ ಅಂಥ ಒಪ್ಪಂದ ಯಾರು ಯಾರ ಜೊತೆ ಮಾಡಿಕೊಂಡಿದ್ದಾರೆ? ಒಂದು ಭಾನುವಾರ ನಮ್ಮ ರಸ್ತೆಯನ್ನು ಬೆಕ್ಕಿನ ಕಣ್ಣಲ್ಲಿ ನೋಡುವ ಪ್ರಯತ್ನ ಮಾಡಿದೆವು. ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಮೂರು, ನಾಲ್ಕು ಮಹಡಿಯ ಮನೆಗಳು. ಮಣ್ಣು ಕಾಣುವುದು ಹೂಕುಂಡಗಳಲ್ಲಿ ಮಾತ್ರ. ತಿರುವಿನಲ್ಲಿ ಆರು ಬೀದಿನಾಯಿ. ಹಗಲು ಸಾಧು, ರಾತ್ರಿ ಹನ್ನೊಂದರ ಮೇಲೆ ರಸ್ತೆ ಅವುಗಳದೇ. ಬೆಕ್ಕಿನ ಮರಿ ಬೆಚ್ಚಗಿನ ಜಾಗ ಹುಡುಕಿ ಕಾರಿನ ಎಂಜಿನ್ ಒಳಗೆ ಸೇರಿಕೊಳ್ಳುತ್ತದೆ, ಬೆಳಿಗ್ಗೆ ಏಳಕ್ಕೆ ಕಾರು ಸ್ಟಾರ್ಟ್ ಆಗುತ್ತದೆ. ಸ್ವಲ್ಪ ದೂರ ನಡೆದರೆ ರಿಂಗ್ ರೋಡ್. ಗೊರಗುಂಟೆಪಾಳ್ಯದ ಕಡೆ ಹೋಗುವ ಲಾರಿಗಳು ರಾತ್ರಿಯಿಡೀ ಓಡುತ್ತವೆ. ಮನುಷ್ಯರೇ ದಾಟಲು ಹೆದರುವ ರಸ್ತೆ. ಇಷ್ಟರ ಮಧ್ಯೆ ಅರ್ಧ ಕೆಜಿ ತೂಕದ ಜೀವವನ್ನು ಬಿಟ್ಟು, ಅದರ ಪಾಡಿಗೆ ತಿರುಗಲಿ ಅನ್ನುವುದಕ್ಕೆ ನಮಗೆ ಬಾಯಿ ಬರಲಿಲ್ಲ.

ಬೇರೆ ದೇಶಗಳಲ್ಲೂ ಇದಕ್ಕೆ ಒಂದೇ ಉತ್ತರವಿಲ್ಲ. ಬ್ರಿಟನ್ನಿನಲ್ಲಿ ಸಾಕಿದ ಬೆಕ್ಕು ಹೊರಗೆ ಓಡಾಡುವುದೇ ವಾಡಿಕೆ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರ ನಂತರ ಹುಟ್ಟಿದ ಬೆಕ್ಕುಗಳನ್ನು ಮಾಲೀಕರ ಜಾಗದೊಳಗೇ ಇಟ್ಟುಕೊಳ್ಳಬೇಕೆಂಬ ನಿಯಮ ಇದೆ. ಜರ್ಮನಿಯ ವಾಲ್‌ಡಾರ್ಫ್ ಎಂಬ ಪಟ್ಟಣದಲ್ಲಿ ಅದೇ ವರ್ಷ, ನೆಲದಲ್ಲಿ ಗೂಡು ಮಾಡುವ ಒಂದು ಅಪರೂಪದ ಹಕ್ಕಿಗಾಗಿ ಬೇಸಿಗೆ ತಿಂಗಳುಗಳಲ್ಲಿ ಬೆಕ್ಕುಗಳನ್ನು ಮನೆಯೊಳಗೆ ಇಡಬೇಕೆಂದು ಆಡಳಿತ ಆದೇಶಿಸಿತು. ಆದೇಶಕ್ಕೆ ಸಾಕಷ್ಟು ಬೈಗುಳವೂ ಬಂತು.

ಹಕ್ಕಿ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಹೊರಗಿನ ಬೆಕ್ಕಿನ ವಿಷಯದಲ್ಲಿ ಸಾಯುವುದು ಬೆಕ್ಕು ಮಾತ್ರವಲ್ಲ. ಅಮೆರಿಕದಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಒಂದು ಅಧ್ಯಯನ ಅಂದಾಜಿಸಿತ್ತು. ಹೆಚ್ಚಿನ ಪಾಲು ಯಾರೂ ಸಾಕದ ಬೆಕ್ಕುಗಳದು. ನಮ್ಮ ರಸ್ತೆಯ ಲೆಕ್ಕ ಸಣ್ಣದು. ಎದುರು ಮನೆಯ ಬಟ್ಟೆ ಹಗ್ಗಕ್ಕೆ ಸೂರಕ್ಕಿಯೊಂದು ಗೂಡು ನೇಯ್ದಿತ್ತು. ಕರಿಯ ಅದನ್ನು ಕಿತ್ತು ಬೀಳಿಸಿದ್ದು ನಮ್ಮ ಕಣ್ಣೆದುರೇ. ಹೊಟ್ಟೆ ತುಂಬಿದ ಬೆಕ್ಕು ಬೇಟೆ ಆಡುವುದಿಲ್ಲ ಎಂದು ಅಂದುಕೊಂಡಿದ್ದೆವು. ಆಡುತ್ತದೆ. ಬೆಕ್ಕಿನ ಹಲ್ಲು ತಾಗಿ ತಪ್ಪಿಸಿಕೊಂಡ ಹಕ್ಕಿ, ಅಳಿಲು ಕೂಡ ಜೊಲ್ಲಿನ ಸೋಂಕಿನಿಂದ ಒಂದೆರಡು ದಿನದಲ್ಲಿ ಸಾಯುವುದುಂಟು. ನಿಮಗೆ ಅಂಥದ್ದು ಸಿಕ್ಕರೆ, ಗಾಯ ಸಣ್ಣದೆಂದು ಬಿಡದೆ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಮುಟ್ಟಿಸಿ.

ಹಾಗಾದರೆ ಒಳಗಿಡುವುದು ಸುಲಭವೇ? ಇಲ್ಲ. ನಮ್ಮದು ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಬೆಕ್ಕಿಗೆ ಉದ್ದಗಲಕ್ಕಿಂತ ಎತ್ತರ ಬೇಕು ಎಂದು ತಿಳಿದ ಮೇಲೆ ಸಜ್ಜಾದ ಮೇಲಿದ್ದ ಹಳೇ ಸೂಟ್‌ಕೇಸುಗಳು ಊರಿಗೆ ಹೋದವು, ಆ ಜಾಗ ಜೀರಿಗೆಯದಾಯಿತು. ಬಾಲ್ಕನಿಗೆ ಸೊಳ್ಳೆ ಪರದೆ ಸಾಲದು, ಒಂದೇ ದಿನಕ್ಕೆ ಹರಿಯಿತು. ಪಾರಿವಾಳಕ್ಕೆ ಹಾಕುವ ದಪ್ಪ ನೈಲಾನ್ ಬಲೆ ಹಾಕಿಸಬೇಕಾಯಿತು. ಮೂರನೇ ಮಹಡಿಯಿಂದ ಬಿದ್ದರೂ ಬೆಕ್ಕಿಗೆ ಏನೂ ಆಗದು ಎಂಬುದು ಸುಳ್ಳು. ಸಂಡಾಸಿಗೆ ಒಂದು ಟ್ರೇ, ಅದರಲ್ಲಿ ಚೂರು ಮಾಡಿದ ಪತ್ರಿಕೆ. ನಮ್ಮ ಬೈಲೈನ್ ಬಾರದ ಸುದ್ದಿಗಳು ಕೊನೆಗೂ ಒಂದು ಉಪಯೋಗಕ್ಕೆ ಬಂದವು. ದಿನಕ್ಕೆ ಎರಡು ಬಾರಿ ತೆಗೆದರೆ ವಾಸನೆ ಇಲ್ಲ, ಒಂದು ದಿನ ಮರೆತರೆ ಆಂಟಿ ಹೇಳಿದ್ದು ನಿಜ. ಬೆಳಿಗ್ಗೆ ಸಂಜೆ ಹದಿನೈದು ನಿಮಿಷ ದಾರಕ್ಕೆ ಕಾಗದ ಕಟ್ಟಿ ಆಡಿಸಬೇಕು, ಇಲ್ಲವಾದರೆ ರಾತ್ರಿ ಎರಡಕ್ಕೆ ನಮ್ಮ ಕಾಲ್ಬೆರಳೇ ಇಲಿ. ಒಳಗೇ ಇರುವ ಬೆಕ್ಕಿಗೆ ಬೇಸರವಾಗುತ್ತದೆ, ಕೊಬ್ಬುತ್ತದೆ, ಮೂತ್ರದ ತೊಂದರೆ ಬರುತ್ತದೆ ಎಂಬ ಆಕ್ಷೇಪ ಪೊಳ್ಳಲ್ಲ. ಬಾಗಿಲು ಹಾಕಿಬಿಟ್ಟರೆ ಕೆಲಸ ಮುಗಿಯಿತು ಎಂದುಕೊಂಡವರಿಗೆ ಆ ಆಕ್ಷೇಪ ಪೂರ್ತಿ ಅನ್ವಯಿಸುತ್ತದೆ.

ಒಳಗಿದೆಯೆಂದು ಸೂಜಿ ತಪ್ಪಿಸುವಂತೆಯೂ ಇಲ್ಲ. ಬೆಕ್ಕಿನ ಮರಿಗಳನ್ನು ಸಾಲು ಸಾಲಾಗಿ ಕೊಲ್ಲುವ ಪ್ಯಾನ್‌ಲ್ಯುಕೋಪೇನಿಯಾ ವೈರಸ್ ನಮ್ಮ ಚಪ್ಪಲಿಗೆ ಅಂಟಿಕೊಂಡೂ ಮನೆಗೆ ಬರುತ್ತದೆ. ತಿಂಗಳುಗಟ್ಟಲೆ ಸಾಯುವುದಿಲ್ಲ. ಎಂಟು ವಾರಕ್ಕೆ ಮೊದಲ ಸೂಜಿ, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು, ಮೂರು ತಿಂಗಳಿಗೆ ರೇಬಿಸ್. ನಾಲ್ಕೈದು ತಿಂಗಳಿಗೇ ಹೆಣ್ಣು ಬೆಕ್ಕು ಬೆದೆಗೆ ಬರಬಹುದು, ಗಬ್ಬ ಒಂಬತ್ತು ವಾರ. ಅಂದರೆ ಹೊರಗೆ ಬಿಟ್ಟಿದ್ದರೆ, ಜುಲೈನಲ್ಲಿ ಆಟೋ ಕೆಳಗೆ ಸಿಕ್ಕ ಮರಿ ಬರುವ ಯುಗಾದಿ ಹೊತ್ತಿಗೆ ಅಂಥದೇ ಆಟೋ ಕೆಳಗೆ ನಾಲ್ಕು ಮರಿ ಹಾಕಿರುತ್ತಿತ್ತು.

ಒಂದು ಮಾತು ಸ್ಪಷ್ಟ ಮಾಡಬೇಕು, ಇಲ್ಲದಿದ್ದರೆ ನಾವು ಎಲ್ಲ ಬೀದಿ ಬೆಕ್ಕುಗಳನ್ನೂ ಕೂಡಿಹಾಕಿ ಅಂದಂತಾಗುತ್ತದೆ. ಹಾಗಲ್ಲ. ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈಗೆ ಒಗ್ಗಿದ ಮರಿಯ ಕಥೆ ಬೇರೆ, ಬೀದಿಯಲ್ಲೇ ಬೆಳೆದ ದೊಡ್ಡ ಬೆಕ್ಕಿನ ಕಥೆ ಬೇರೆ. ಮನುಷ್ಯರನ್ನು ಕಂಡರೆ ಓಡುವ ಬೆಕ್ಕನ್ನು ತಂದು ರೂಮಲ್ಲಿ ಹಾಕಿದರೆ ಅದಕ್ಕದು ಜೈಲೇ. ಅದಕ್ಕೆ ಸಂತಾನಹರಣ ಮಾಡಿಸಿ, ರೇಬಿಸ್ ಸೂಜಿ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡುವುದು ಸರಿ. ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬರೀ ನಾಯಿಗಳಿಗಿದ್ದ 2001ರ ನಿಯಮಗಳ ಜಾಗಕ್ಕೆ ಬಂದವು. ಹೊಸ ನಿಯಮಗಳಲ್ಲಿ ಬೆಕ್ಕೂ ಇದೆ. ಆದರೆ ವಾರ್ಡ್ ಮಟ್ಟದಲ್ಲಿ ನಾಯಿಗಳ ಬಗ್ಗೆ ಆಗುವ ಗಲಾಟೆಯ ನೂರರಲ್ಲೊಂದು ಪಾಲೂ ಬೆಕ್ಕಿನ ಬಗ್ಗೆ ಆಗುವುದಿಲ್ಲ. ಬೆಕ್ಕು ಕಚ್ಚಿದ ಸುದ್ದಿಗೆ ಡೆಸ್ಕ್‌ನವರು ಒಂದು ಕಾಲಂ ಕೂಡ ಕೊಡುವುದಿಲ್ಲ, ನಾವು ಕೇಳಿಯೂ ಇಲ್ಲ. ಕರಿಯನಿಗೆ ಮಾಡಿಸಬೇಕಾಗಿದ್ದು ಇದನ್ನೇ.

ನಿಮ್ಮ ಮನೆ ತೋಟದ ಮನೆಯಾಗಿದ್ದರೆ, ರಸ್ತೆ ದೂರವಿದ್ದರೆ, ಅಕ್ಕಪಕ್ಕದವರು ಪಾಷಾಣ ಇಡುವವರಲ್ಲದಿದ್ದರೆ ನಿಮ್ಮ ತೀರ್ಮಾನ ಬೇರೆಯಾಗಬಹುದು. ಆಗಲೂ ಆಪರೇಷನ್ ಆಗುವವರೆಗೆ ಒಳಗಿಡಿ, ರಾತ್ರಿಯಾದರೂ ಒಳಗೆ ಕರೆದುಕೊಳ್ಳಿ. ನಂದಿನಿ ಲೇಔಟ್‌ನ ನಮ್ಮ ರಸ್ತೆಯ ಮಟ್ಟಿಗೆ ನಮ್ಮ ಉತ್ತರ ಒಳಗೆ.

ಓನರ್ ಆಂಟಿ ಈಗ ನಮ್ಮ ಪಕ್ಷ. ನಮ್ಮ ವಾದ ಕೇಳಿ ಬದಲಾದವರಲ್ಲ. ಬೇರೊಂದು ಬೀದಿ ಬೆಕ್ಕು ಅವರ ಮಲ್ಲಿಗೆ ಕುಂಡ ಕೆದಕಿ ಹೊಲಸು ಮಾಡಿದ ದಿನ ಮಹಡಿ ಹತ್ತಿ ಬಂದು, "ನಿಮ್ದು ಒಳಗೇ ಇರ್ಲಿ ಕಣಪ್ಪ" ಅಂದರು. ಅಮ್ಮ ಊರಿಗೆ ವಾಪಸ್ಸಾದರು. ಕೊತ್ತಿ ಕೂಡಿಹಾಕುವುದು ಅವರಿಗೆ ಈಗಲೂ ಒಪ್ಪಿಗೆಯಿಲ್ಲ. ಫೋನ್ ಮಾಡಿದಾಗ ಮೊದಲು ಕೇಳುವುದು ಮಾತ್ರ ಅದನ್ನೇ. ಜೀರಿಗೆ ಆಪರೇಷನ್ ಬರುವ ತಿಂಗಳ ಎರಡನೇ ಶನಿವಾರ. ಅದುವರೆಗೆ ಪೇಪರ್, ಹಾಲು, ಗ್ಯಾಸ್ ತರುವವರಿಗೆಲ್ಲ ಕಾಣುವಂತೆ ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: ಬೆಲ್ ಮಾಡಿ, ಬಾಗಿಲು ತಳ್ಳಬೇಡಿ, ಕಾಲ ಬಳಿ ಮರಿ ಇರುತ್ತದೆ.