ವಿಹಾರ: ಊರು ಮುಟ್ಟುವ ಮುನ್ನಿನ ಹಗಲು

ಇಂದಿನ ಕನ್ನಡದಲ್ಲಿ ‘ವಿಹಾರ’ವೆಂದರೆ ವಾಯುವಿಹಾರ, ನೌಕಾವಿಹಾರ, ಅಂದರೆ ಬಿಡುವಿನ ಸುಖ. ಜೈನ ಪರಿಭಾಷೆಯಲ್ಲಿ ಅದೇ ಶಬ್ದ ಮುನಿಗಳು ಊರಿಂದೂರಿಗೆ ಬರಿಗಾಲಲ್ಲಿ ನಡೆಯುವ ಚರ್ಯೆಯನ್ನು ಸೂಚಿಸುತ್ತದೆ. ಪತ್ರಿಕೆಗಳಲ್ಲಿ ಪೂರ್ಣಕುಂಭ, ವಾದ್ಯಘೋಷಗಳೊಡನೆ ಪುರಪ್ರವೇಶದ ಸುದ್ದಿ ಬರುತ್ತದೆ. ಆ ಪುರವನ್ನು ಮುಟ್ಟುವ ಮುನ್ನ ಕಳೆದ ಹಗಲು ಬರುವುದಿಲ್ಲ. ಸಾಹಿತ್ಯ ಮತ್ತು ಶಾಸನಗಳ ಅಧ್ಯಯನವೂ ಬಹುಮಟ್ಟಿಗೆ ಹೀಗೆಯೇ ನಡೆದಿದೆ. ನಮ್ಮ ಸಂಶೋಧನೆಗೆ ಬಸದಿಗಳು ಕಾಣುತ್ತವೆ, ಬಸದಿಗಳ ನಡುವಣ ದಾರಿ ಕಾಣುವುದಿಲ್ಲ.

ದಿಗಂಬರ ಮುನಿಯ ವಿಹಾರದ ದಿನವನ್ನು ಗಮನಿಸಬೇಕು. ಈರ್ಯಾಸಮಿತಿಯಂತೆ ಬೆಳಕಿರುವಾಗ ಮಾತ್ರ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಿಗಳನ್ನು ತಪ್ಪಿಸಿ ನಡೆಯಬೇಕು. ದಣಿದವನ ಕಣ್ಣು ಸಹಜವಾಗಿ ದೂರದ ಗೋಪುರವನ್ನೋ ಮರದ ನೆರಳನ್ನೋ ಅರಸುತ್ತದೆ. ಇಲ್ಲಿ ಅದಕ್ಕೂ ಅವಕಾಶವಿಲ್ಲ. ಆಹಾರ ದಿನಕ್ಕೊಮ್ಮೆ, ನಿಂತು, ಅಂಗೈಯಲ್ಲಿ; ನೀರೂ ಆಗಲೇ. ಕಮಂಡಲದ ನೀರು ಶುದ್ಧಿಗಲ್ಲದೆ ಬಾಯಾರಿಕೆಗಲ್ಲ. ಮೈಲಿಗಟ್ಟಲೆ ಡಾಂಬರಿನ ಮೇಲೆ ನಡೆದು ಬಂದರೂ, ತುತ್ತಿನಲ್ಲಿ ಒಂದು ಕೂದಲು ಕಂಡರೆ ಅದು ಅಂತರಾಯ. ಆಹಾರ ಅಲ್ಲಿಗೇ ನಿಲ್ಲುತ್ತದೆ, ಮುಂದಿನದು ಮರುದಿನವೇ.

ಅಮೆರಿಕದ ಅಪಲೇಚಿಯನ್ ಹಾದಿ ಸುಮಾರು 3,500 ಕಿಲೋಮೀಟರ್ ಉದ್ದದ್ದು. 1948ರಲ್ಲಿ ಅರ್ಲ್ ಶಾಫರ್ ಅದನ್ನು ಒಂದೇ ಯಾತ್ರೆಯಲ್ಲಿ ನಡೆದು ಮುಗಿಸಿದ ಮೇಲೆ ಅಂಥ ದೀರ್ಘ ನಡಿಗೆಗೆ ಅಲ್ಲೊಂದು ಪರಂಪರೆಯೂ ಬರಹವೂ ಬೆಳೆದಿವೆ. ಆ ನಡಿಗೆಗಾರರು ಹಲವು ದಿನಗಳ ಆಹಾರವನ್ನು ಬೆನ್ನಿಗೇರಿಸಿಕೊಂಡು ಹೋಗುತ್ತಾರೆ. ಊರು ಅವರಿಗೆ ಬರಿದಾದ ಚೀಲವನ್ನು ಮತ್ತೆ ತುಂಬಿಕೊಳ್ಳುವ, ದಣಿವಾರಿಸಿಕೊಳ್ಳುವ ನೆಲೆ. ತಪಶ್ಚರ್ಯೆಯನ್ನು ಹವ್ಯಾಸದ ಪಕ್ಕದಲ್ಲಿಡುವುದು ಅನುಚಿತವೆಂದು ಕೆಲವರಿಗೆ ತೋರಬಹುದು. ಗುರಿ ಬೇರೆಯೆಂಬುದು ನಿಜ. ಆದರೆ ಕಾಲು, ಬಿಸಿಲು, ಹಸಿವುಗಳು ಇಬ್ಬರಿಗೂ ಒಂದೇ. ಹೋಲಿಸಿದಾಗಲೇ ಭೇದವೂ ಸ್ಪಷ್ಟವಾಗುತ್ತದೆ. ಮುನಿಗೆ ತುಂಬಿಕೊಳ್ಳಲು ಚೀಲವೇ ಇಲ್ಲ. ಊರಿನಲ್ಲಿ ಸಿಕ್ಕದ್ದು ಅಂದಿಗೆ ಮುಗಿಯಿತು. ನಾಳೆಗೆ ಇನ್ನೊಂದು ಊರು ಬೇಕು.

ಊರಿನ ಸುಖಕ್ಕೂ ಶಾಸ್ತ್ರ ಮಿತಿ ಹಾಕಿದೆ. ‘ಮೂಲಾಚಾರ’ದ ಪ್ರಕಾರ ಮುನಿಗಳು ಗ್ರಾಮದಲ್ಲಿ ಒಂದು ರಾತ್ರಿ, ನಗರದಲ್ಲಿ ಐದು ದಿನ ತಂಗುವವರು. ಮಳೆಗಾಲದಲ್ಲಿ ನೆಲದ ತುಂಬ ಜೀವಿಗಳು ಹುಟ್ಟುವುದರಿಂದ ಚಾತುರ್ಮಾಸಕ್ಕೆ ಒಂದೆಡೆ ನಿಲ್ಲಬೇಕು. ಉಳಿದಂತೆ ತಂಗುದಾಣವು ಮನೆಯಾಗುವ ಮೊದಲೇ ಅದನ್ನು ಬಿಡಬೇಕೆಂಬುದು ಈ ವಿಧಿಯ ಆಶಯ.

ಈ ಕಣ್ಣಿನಿಂದ ನೋಡಿದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ, ಕ್ರಿ.ಶ. ಸುಮಾರು 600ರ ಸಂಸ್ಕೃತ ಶಾಸನ ಬೇರೆಯಾಗಿ ಓದಿಸಿಕೊಳ್ಳುತ್ತದೆ. ಹನ್ನೆರಡು ವರ್ಷಗಳ ಕ್ಷಾಮವನ್ನು ಭದ್ರಬಾಹುಸ್ವಾಮಿ ಉಜ್ಜಯಿನಿಯಲ್ಲಿ ಮುಂಗಂಡು ಹೇಳಿದಾಗ ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದು ಅದು ಹೇಳುತ್ತದೆ. 1889ರಲ್ಲಿ ರೈಸ್ ಈ ಸ್ಥಳದ ಶಾಸನಗಳನ್ನು ಪ್ರಕಟಿಸಿದಂದಿನಿಂದ ವಿದ್ವಾಂಸರ ಚರ್ಚೆ ಬಂದವರು ಯಾರು, ಯಾವ ಭದ್ರಬಾಹು, ಯಾವ ಪ್ರಭಾಚಂದ್ರ ಎಂಬುದರ ಸುತ್ತಲೇ ಸುಳಿದಿದೆ. ಹೇಗೆ ಬಂದರು ಎಂಬ ಪ್ರಶ್ನೆ ಹಿಂದೆ ಸರಿದಿದೆ. ಉಜ್ಜಯಿನಿಯಿಂದ ಬೆಳಗೊಳಕ್ಕೆ ನೇರ ಗೆರೆ ಎಳೆದರೂ 1,100 ಕಿಲೋಮೀಟರಿಗೆ ಮಿಕ್ಕುತ್ತದೆ. ದಿನಕ್ಕೆ 20 ಕಿಲೋಮೀಟರಿನಂತೆ ಎಣಿಸಿದರೆ ಐವತ್ತೈದಕ್ಕೂ ಹೆಚ್ಚು ಹಗಲುಗಳು. ಹಾದಿಯ ಬಳಸು ಬೇರೆ. ಪ್ರತಿ ಹಗಲಿಗೂ ವಿಧಿಯರಿತು ಅನ್ನವಿಕ್ಕುವ ಮನೆಗಳಿರಬೇಕು. ದೊಡ್ಡ ಸಂಘವನ್ನು ಸಣ್ಣ ಊರೊಂದು ಒಂದೇ ದಿನ ಪೋಷಿಸಲಾರದು. ಸಂಘ ಗುಂಪುಗಳಾಗಿ ಒಡೆದು ನಡೆದಿರಬೇಕು, ಇಲ್ಲವೆ ದಾರಿಯುದ್ದಕ್ಕೂ ಶ್ರಾವಕರ ನೆಲೆಗಳು ಮೊದಲೇ ಇದ್ದಿರಬೇಕು. ವಲಸೆಯ ಐತಿಹಾಸಿಕತೆಯನ್ನು ಒಪ್ಪುವವರೂ ನಿರಾಕರಿಸುವವರೂ ಈ ಲೆಕ್ಕಕ್ಕೆ ಉತ್ತರ ಹೇಳಬೇಕಾಗುತ್ತದೆ.

ಸಂಘವು ಕ್ರಮಕ್ರಮವಾಗಿ ಸಾಗಿ, ನೂರಾರು ಗ್ರಾಮಗಳ, ಜನ ಧನ ಧಾನ್ಯಗಳ, ದನ ಎಮ್ಮೆ ಆಡು ಕುರಿಗಳಿಂದ ತುಂಬಿದ ನಾಡನ್ನು ಮುಟ್ಟಿತೆಂದು ಶಾಸನ ವರ್ಣಿಸುತ್ತದೆ. ಇದನ್ನು ಕಾವ್ಯದ ರೂಢಿಯ ಅಲಂಕಾರವೆಂದು ದಾಟಿಬಿಡುವುದು ಸುಲಭ. ಆದರೆ ಕ್ಷಾಮದ ನಾಡಿನಿಂದ ಬರಿಗೈಯಲ್ಲಿ ನಡೆದು ಬಂದವರಿಗೆ ಊರುಗಳ ಸಂಖ್ಯೆ, ಬೆಳೆ, ಹಾಲು ಕರೆಯುವ ದನ ಇವೇ ಮೊದಲು ಕಾಣತಕ್ಕವು. ‘ವಡ್ಡಾರಾಧನೆ’ಯ ಭದ್ರಬಾಹು ಭಟಾರರ ಕಥೆಯನ್ನೂ ವಿದ್ಯಾರ್ಥಿಗಳು ಹೀಗೆ, ಹಸಿವು ಮತ್ತು ದಾರಿಯ ಕಥೆಯಾಗಿ, ಇನ್ನೊಮ್ಮೆ ಓದಬೇಕು.

ಈ ಓದಿಗೆ ಆಕರ ಕಣ್ಣೆದುರಿಗೇ ಇದೆ. 2018ರ ಮಹಾಮಸ್ತಕಾಭಿಷೇಕಕ್ಕೆ ಉತ್ತರ ಭಾರತದಿಂದ ಮುನಿಸಂಘಗಳು ನಡೆದೇ ಬಂದವು. ಈಗ ಜೈನರ ಮನೆಗಳಿಲ್ಲದೆಡೆ ಶ್ರಾವಕರು ವಾಹನದಲ್ಲಿ ಮುಂದೆ ಹೋಗಿ ಅಡುಗೆಗೆ ಅಣಿಮಾಡುತ್ತಾರೆ. ರಾತ್ರಿ ತಂಗಲು ಶಾಲೆಯೋ ಛತ್ರವೋ ಒದಗುತ್ತದೆ. ಯಾವ ಊರು, ಎಷ್ಟು ದೂರ, ಯಾವ ಮನೆ, ಯಾವ ಬಾವಿಯ ನೀರು ಎಂಬ ವಿವರಗಳು ಹಳ್ಳಿಗಳ ಹಿರಿಯ ಶ್ರಾವಕಿಯರ ನೆನಪಿನಲ್ಲಿವೆ. ಅವರೊಡನೆ ಅವೂ ಅಳಿಯುತ್ತವೆ. ಜೈನಸಾಹಿತ್ಯದಲ್ಲಿ ಪಿಎಚ್.ಡಿ. ಮಾಡುವವರು ವಿಹಾರದ ಹಾದಿಯೊಂದನ್ನು ಆಯ್ದುಕೊಂಡು, ಊರೂರಿನ ಈ ವಿವರಗಳನ್ನು ದಾಖಲಿಸಲಿ. ಸಮಾಜವೂ ಪುರಪ್ರವೇಶದ ವೆಚ್ಚದಲ್ಲಿ ಒಂದು ಪಾಲನ್ನು ದಾರಿಗೆ ತೆಗೆದಿಡಲಿ. ಲಾರಿಗಳು ಓಡುವ ಹೆದ್ದಾರಿಯ ಅಂಚಿನಲ್ಲಿ ಕಣ್ಣನ್ನು ನೆಲಕ್ಕಿಟ್ಟು ನಡೆಯುವವರಿಗೆ ಸ್ವಾಗತ ಕಮಾನಿಗಿಂತ ಮೊದಲು ಬೇಕಾದುದು ಕಾಲಿಡಲು ಸುರಕ್ಷಿತವಾದ ಒಂದು ಮಾರು ಮಣ್ಣಿನ ದಾರಿ.