ಮೇಸ್ತ್ರಿ ಹುಡುಕೋದು ಮಳೆಯಲ್ಲಿ, ಮೋಲ್ಡ್ ಹಾಕ್ಸೋದು ಬೇಸಿಗೆಯಲ್ಲಿ



ಈ ಸಲ ಬೆಳೆ ವಿಷಯ ಬಿಟ್ಟು ತಾರಸಿ ವಿಷಯ ಬರೀತಾ ಇದೀನಿ. ಸ್ವಲ್ಪ ಉದ್ದ ಇದೆ, ಆದ್ರೂ ಮುಂದಿನ ವರ್ಷ ಮನೆ ಕಟ್ಟೋರು, ಮೋಲ್ಡ್ ಹಾಕ್ಸೋರು ಪೂರ್ತಿ ಓದಿ.

ಹಸ್ತ ಮಳೆ ಮುಗೀತು, ಚಿತ್ತೆ ನಡೀತಾ ಇದೆ. ಕಡ್ಲೆಕಾಯಿ ಕಿತ್ತು, ರಾಗಿ ಕುಯ್ದು, ಕಣ ಮುಗಿಸಿ, ಸಂಕ್ರಾಂತಿ ಕಳೆದ ಮೇಲೆ ನಮ್ಮ ಶಿರಾ ಸೀಮೆಯಲ್ಲಿ ಮನೆ ಕೆಲಸ ಶುರು ಆಗುತ್ತೆ. ಆಗ ಎಲ್ಲರೂ ಒಟ್ಟಿಗೆ ಮೇಸ್ತ್ರಿ ಹುಡುಕೋಕೆ ಹೊರಡ್ತಾರೆ. ಬಿಸಿಲು ಕಾಲದಲ್ಲಿ ಯಾರ ತಾರಸಿ ನೋಡಿದ್ರೂ ಚೆನ್ನಾಗೇ ಕಾಣುತ್ತೆ. ಅದಕ್ಕೇ ನಾನು ಹೇಳೋದು, ಮೇಸ್ತ್ರಿಯನ್ನ ಈಗ ಹುಡುಕಿ, ಮಳೆ ಬೀಳ್ತಾ ಇರುವಾಗ. ಕೆಲಸ ಬೇಸಿಗೆಯಲ್ಲಿ ಮಾಡ್ಸಿ.

ನಮ್ಮ ಹಿರಿಯರ ಮಾಳಿಗೆ ಮನೆ ನೆನೆಸ್ಕೊಳ್ಳಿ. ಶಿರಾ, ಹಿರಿಯೂರು, ಚಳ್ಳಕೆರೆ ಕಡೆ ಇನ್ನೂ ಅಲ್ಲಲ್ಲಿ ಇವೆ. ಅದೂ ಮಟ್ಟಸ ಸೂರೇ. ತೊಲೆ, ಜಂತೆ, ಅದರ ಮೇಲೆ ಸೊಪ್ಪು, ಮಣ್ಣು, ಮೇಲೆ ಚೌಳು ಮಣ್ಣು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮತ್ತೆ ಮಣ್ಣು ಹಾಕಿ ತಟ್ಟೋರು. ಆ ಕೆಲಸ ಮಾಡ್ತಿದ್ದೋನು ಅದೇ ಊರೋನು. ಸೋರಿದ್ರೆ ಬೆಳಗಾಗೋದ್ರಲ್ಲಿ ಅವನ ಮನೆ ಬಾಗಿಲಿಗೆ ಹೋಗಬಹುದಿತ್ತು. ಈಗ ಮೋಲ್ಡ್ ಹಾಕೋರು ನಲವತ್ತು ಕಿಲೋಮೀಟರ್ ದೂರದಿಂದ ಬರ್ತಾರೆ, ಇಪ್ಪತ್ತು ದಿನ ಇರ್ತಾರೆ, ಸೆಂಟ್ರಿಂಗ್ ಬಿಚ್ಕೊಂಡು ಇನ್ನೊಂದು ಊರಿಗೆ ಹೋಗ್ತಾರೆ. ಸೋರೋದು ಅವರು ಹೋದ ಮೇಲೆ. ಫೋನು ಮಾಡಿದ್ರೆ ಸ್ವಿಚ್ ಆಫ್. ಅವತ್ತು ಪಕ್ಕದ ಬೀದಿಯಲ್ಲಿ ಇರ್ತಿದ್ದ ನಂಬಿಕೆಯನ್ನ ಈಗ ನಾವೇ ಬೇರೆ ರೀತಿ ಕಟ್ಕೋಬೇಕು. ಅದಕ್ಕೆ ಮೂರು ದಾರಿ. ಅವನ ಹಳೇ ಕೆಲಸ ನೋಡೋದು, ಅಳತೆ ಸಮೇತ ಕಾಗದ ಮಾಡ್ಕೊಳೋದು, ಸ್ವಲ್ಪ ದುಡ್ಡು ಮಳೆ ಬರೋ ತನಕ ಕೈಯಲ್ಲಿ ಇಟ್ಕೊಳೋದು.

ಮೊದಲು ಹಳೇ ಕೆಲಸ. ಮೇಸ್ತ್ರಿ ಹೋದ ತಿಂಗಳು ಮುಗಿಸಿದ ಮನೆ ತೋರ್ಸೋಕೆ ಕರ್ಕೊಂಡು ಹೋಗ್ತಾನೆ. ಟೈಲ್ಸು, ಬಣ್ಣ ಎಲ್ಲಾ ಮಿಂಚ್ತಾ ಇರುತ್ತೆ. ಅದನ್ನ ನೋಡಿ ಏನೂ ತಿಳಿಯಲ್ಲ. "ಮೂರು ನಾಲ್ಕು ವರ್ಷದ ಹಿಂದೆ ಹಾಕಿದ್ದು ಎರಡು ಮನೆ ಹೇಳಪ್ಪ" ಅನ್ನಿ. ಹೇಳೋಕೆ ಹಿಂದೆ ಮುಂದೆ ನೋಡಿದ್ರೆ ಅಲ್ಲಿಗೇ ಅರ್ಧ ಉತ್ತರ ಸಿಕ್ತು. ಹೇಳಿದ್ರೆ, ಅವನನ್ನ ಬಿಟ್ಟು ನೀವೇ ಹೋಗಿ, ಮಳೆ ಬಂದ ಮಾರನೇ ದಿನ ಹೋಗಿ.

ತಾರಸಿ ಮೇಲೆ ಹತ್ತಿ. ನೀರು ಎಲ್ಲಾದ್ರೂ ನಿಂತಿದೆಯಾ? ನೀರು ಒಣಗಿದ್ರೂ ಹಸಿರು ಪಾಚಿ, ಕಪ್ಪು ಮಚ್ಚೆ ಇದ್ರೆ ಅಲ್ಲಿ ದಿನಗಟ್ಟಲೆ ನಿಲ್ಲುತ್ತೆ ಅಂತ ಅರ್ಥ. ಪ್ಯಾರಪೆಟ್ ಗೋಡೆ ತಾರಸಿಗೆ ಸೇರೋ ಮೂಲೆಯಲ್ಲಿ ಬಿರುಕು ಇದೆಯಾ, ನೀರು ಹೋಗೋ ಪೈಪಿನ ಬಾಯಿ ತಾರಸಿಗಿಂತ ಎತ್ತರ ಕೂತಿದೆಯಾ ನೋಡಿ. ಆಮೇಲೆ ಕೆಳಗೆ ಬಂದು ಸೂರು ನೋಡಿ. ಬಿಳಿ ಉಪ್ಪು ಎದ್ದಿದ್ರೆ ನೀರು ಇಳೀತಾ ಇದೆ. ಕಂದು ಬಣ್ಣದ ಗೆರೆ ಕಂಡ್ರೆ ಒಳಗೆ ಕಂಬಿಗೆ ತುಕ್ಕು ಹಿಡೀತಾ ಇದೆ, ಮುಂದೆ ಗಾರೆ ಉದುರುತ್ತೆ. ಒಂದು ಕಡೆ ಮಾತ್ರ ಹೊಸ ಬಣ್ಣ ಬಳಿದಿದ್ರೆ ಯಾಕೆ ಅಂತ ಕೇಳಿ.

ಇನ್ನೊಂದು ಮಾತು. ಮನೆ ಯಜಮಾನನ್ನ ಕೇಳಿದ್ರೆ "ಏನೂ ತೊಂದ್ರೆ ಇಲ್ಲ" ಅಂತಾನೆ, ಅಷ್ಟು ದುಡ್ಡು ಹಾಕಿ ಸೋರುತ್ತೆ ಅಂತ ಹೇಳ್ಕೊಳೋಕೆ ಮರ್ಯಾದೆ ಅಡ್ಡ ಬರುತ್ತೆ. ಮನೆ ಹೆಣ್ಣುಮಕ್ಕಳನ್ನ ಕೇಳಿ. ಮಳೆ ಬಂದಾಗ ಪಾತ್ರೆ ಎಲ್ಲಿ ಇಡಬೇಕು, ರಾಗಿ ಮೂಟೆ ಯಾವ ಮೂಲೆಯಿಂದ ಎಳೀಬೇಕು ಅಂತ ಅವರಿಗೇ ಗೊತ್ತು.

ಈಗ ರೇಟಿನ ವಿಷಯ. ನಾವು ಕೇಳೋದು ಒಂದೇ ಪ್ರಶ್ನೆ, "ಚದರಕ್ಕೆ ಎಷ್ಟು?" ಒಬ್ಬ ಒಂದು ಹೇಳ್ತಾನೆ, ಇನ್ನೊಬ್ಬ ಐನೂರು ಕಮ್ಮಿ ಹೇಳ್ತಾನೆ, ಕಮ್ಮಿ ಹೇಳಿದವನಿಗೆ ಎಲೆ ಅಡಿಕೆ ಕೊಟ್ಟು ಬರ್ತೀವಿ. ಬಿತ್ತನೆ ಬೀಜ ತರುವಾಗ ತಳಿ ಯಾವುದು, ಯಾವ ವರ್ಷದ್ದು ಅಂತ ಕೇಳದೆ ಬರೀ ಮೂಟೆ ರೇಟ್ ಕೇಳಿ ತರ್ತೀವಾ? ಇಲ್ಲೂ ಹಾಗೇ.

ಒಂದು ಲೆಕ್ಕ ಹೇಳ್ತೀನಿ. ಒಂದು ಚದರ ಅಂದ್ರೆ 100 ಚದರಡಿ. 10 ಚದರದ ತಾರಸಿಗೆ ಇಂಜಿನಿಯರ್ 5 ಇಂಚು ದಪ್ಪ ಅಂತ ಬರೆದಿದ್ರೆ ಸುಮಾರು 417 ಘನ ಅಡಿ ಕಾಂಕ್ರೀಟ್ ಬೇಕು, ಅಂದ್ರೆ ಹತ್ತಿರ ಹತ್ತಿರ 12 ಘನ ಮೀಟರ್. ಎಂ20 ಅಂತಾರಲ್ಲ, ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ, ಆ ಲೆಕ್ಕದಲ್ಲಿ ಘನ ಮೀಟರಿಗೆ 8 ಮೂಟೆ ಹಿಡಿದ್ರೆ ಒಟ್ಟು 95 ಮೂಟೆ ಸಿಮೆಂಟು. ತೊಲೆ ಇದ್ರೆ ಅದು ಬೇರೆ. ಅದೇ ತಾರಸಿಯನ್ನ 4 ಇಂಚಿಗೆ ಮುಗಿಸಿದ್ರೆ 76 ಮೂಟೆ ಸಾಕು. 19 ಮೂಟೆ ಉಳೀತು. ಮೂಟೆಗೆ 400 ರೂಪಾಯಿ ಅಂತ ಇಟ್ಕೊಂಡ್ರೂ 7,600 ರೂಪಾಯಿ. ಜಲ್ಲಿ, ಎಂ ಸ್ಯಾಂಡ್ ಉಳಿದಿದ್ದು ಲೆಕ್ಕಕ್ಕೆ ತಗೊಂಡಿಲ್ಲ. ಮೆಟೀರಿಯಲ್ ಸಮೇತ ಗುತ್ತಿಗೆಯಲ್ಲಿ ಚದರಕ್ಕೆ 500 ಕಮ್ಮಿ ಮಾಡ್ಸಿ 5,000 ಉಳಿಸ್ದೆ ಅಂತ ನಾವು ಖುಷಿ ಪಡ್ತೀವಿ. ಅವನು ಒಂದಿಂಚಿನಲ್ಲಿ ಅದಕ್ಕಿಂತ ಜಾಸ್ತಿ ವಾಪಸ್ ತಗೊಂಡಿರ್ತಾನೆ. ಆ ಒಂದಿಂಚು ಮೋಲ್ಡ್ ಆದ ಮೇಲೆ ಕಣ್ಣಿಗೆ ಕಾಣಲ್ಲ.

ಇದರಲ್ಲಿ ಪೂರ್ತಿ ತಪ್ಪು ಅವರದ್ದೇ ಅಂತ ನಾನು ಹೇಳಲ್ಲ. ನನಗೆ ಗೊತ್ತಿರೋ ಒಬ್ಬ ಹಳೇ ಮೇಸ್ತ್ರಿ ಒಂದು ಮಾತು ಹೇಳಿದ್ರು. "ಅಣ್ಣ, ಕಮ್ಮಿ ಮಾಡು ಅಂತಾರೆ, ಮಾಡ್ತೀನಿ. ಆದ್ರೆ ಎಲ್ಲಿಂದ ಕಮ್ಮಿ ಮಾಡ್ಲಿ ಅಂತ ಯಾರೂ ಕೇಳಲ್ಲ. ಆಳಿನ ಕೂಲಿ ಕಮ್ಮಿ ಮಾಡೋಕಾಗಲ್ಲ, ಸೆಂಟ್ರಿಂಗ್ ಬಾಡಿಗೆ ಕಮ್ಮಿ ಆಗಲ್ಲ. ಉಳಿಯೋದು ಸಿಮೆಂಟು, ಕಂಬಿ." ಈರುಳ್ಳಿ ಮಂಡಿಯಲ್ಲಿ ನಮ್ಮ ಮಾಲಿಗೆ ಸಿಕ್ಕಾಪಟ್ಟೆ ರೇಟ್ ಇಳಿಸಿದಾಗ ಹೊಟ್ಟೆ ಉರಿಯುತ್ತಲ್ಲ, ಹಾಗೇ ಅವರಿಗೂ. ನ್ಯಾಯವಾದ ರೇಟು ಅಂದ್ರೆ ಅವನ ಮನೆಗೂ ನಾಲ್ಕು ಕಾಸು ಹೋಗಬೇಕು, ನಮ್ಮ ಮೋಲ್ಡಿಗೂ ಪೂರ್ತಿ ಮಾಲು ಬೀಳಬೇಕು. ಅದು ಅತಿ ಕಮ್ಮಿ ರೇಟ್ ಆಗಿರಬೇಕು ಅಂತೇನಿಲ್ಲ.

ಹಾಗಾದ್ರೆ ರೇಟು ನ್ಯಾಯವಾ ಅಲ್ವಾ ಅಂತ ತಿಳಿಯೋದು ಹೇಗೆ? ಮೂರು ಜನರ ಹತ್ರ ಕೇಳಿ, ಆದ್ರೆ ಮೂವರಿಗೂ ಒಂದೇ ಕಾಗದ ಕೊಟ್ಟು ಕೇಳಿ. ಇಂಜಿನಿಯರ್ ಹತ್ರ ಒಂದು ಡ್ರಾಯಿಂಗ್ ಮಾಡ್ಸಿ, ಆ ದುಡ್ಡು ದಂಡ ಅಲ್ಲ. ಕಂಬಿ ಎಷ್ಟು ಎಂಎಂ, ಎಷ್ಟು ಇಂಚಿಗೊಂದು ಅನ್ನೋದು ಬಾಯಿ ಮಾತಲ್ಲಿ ಆಗಬಾರದು. ಕಾಗದದಲ್ಲಿ ಇಷ್ಟು ಇರಲಿ:

1. ಮೋಲ್ಡ್ ದಪ್ಪ ಎಷ್ಟು, ಕಾಂಕ್ರೀಟ್ ಅಳತೆ ಏನು, ಒಟ್ಟು ಎಷ್ಟು ಮೂಟೆ ಸಿಮೆಂಟು.

2. ಕಂಬಿ ಸೈಜು, ಅಂತರ. ಕಂಬಿ ತಗಡಿನ ಮೇಲೆ ಮಲಗದ ಹಾಗೆ ಕೆಳಗೆ ಕವರ್ ಬ್ಲಾಕ್.

3. ಸೆಂಟ್ರಿಂಗ್, ಮಿಕ್ಸರ್, ವೈಬ್ರೇಟರ್ ಯಾರದು.

4. ಮೇಲೆ ಇಳಿಜಾರು ಗಾರೆ, ವಾಟರ್ ಪ್ರೂಫ್, ಪ್ಯಾರಪೆಟ್ ಮೂಲೆಗೆ ಗೋಲಾ, ನೀರಿನ ಪೈಪು ಸೇರಿದೆಯಾ ಇಲ್ವಾ.

5. ನೀರು ಕಟ್ಟೋದು ಯಾರು, ಎಷ್ಟು ದಿನ.

6. ದುಡ್ಡು ಯಾವ ಯಾವ ಹಂತಕ್ಕೆ ಎಷ್ಟು.

ಇದನ್ನ ಇಟ್ಕೊಂಡು ಕೇಳಿದ್ರೆ ಕಮ್ಮಿ ಹೇಳಿದವನು ಯಾಕೆ ಕಮ್ಮಿ ಹೇಳಿದ ಅಂತ ಗೊತ್ತಾಗುತ್ತೆ. ಎಷ್ಟೋ ಸಲ ನಾಲ್ಕನೇದು ಅವನ ಲೆಕ್ಕದಲ್ಲಿ ಇರೋದೇ ಇಲ್ಲ. ತಾರಸಿ ಸೋರದ ಹಾಗೆ ಮಾಡೋದು ಅದೇ. 10 ಅಡಿಗೆ ಒಂದು ಇಂಚಿನ ಮೇಲೆ ಒಂದು ಕಾಲು ಇಂಚಾದ್ರೂ ಇಳಿಜಾರು ಇದ್ರೆ ನೀರು ಪೈಪಿನ ಕಡೆ ಓಡುತ್ತೆ. ನಿಂತ ನೀರನ್ನ ಯಾವ ಕೆಮಿಕಲ್ಲೂ ಬಹಳ ದಿನ ತಡೆಯಲ್ಲ.

ಮನೆಯಲ್ಲಿ ನಿಂತು ನೋಡೋರು ಇದ್ರೆ ಕೂಲಿ ಗುತ್ತಿಗೆ ಮಾತ್ರ ಕೊಟ್ಟು ಮಾಲು ನೀವೇ ತಂದ್ಕೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ, ವರ್ಷ ಇರುತ್ತೆ, ಮೂರು ತಿಂಗಳು ದಾಟಿದ್ದು ಬೇಡ. ಕಂಬಿಯನ್ನ ತೂಕ ಹಾಕ್ಸಿ. 12 ಮೀಟರ್ ಉದ್ದದ 8 ಎಂಎಂ ಕಂಬಿ ಸುಮಾರು 4.7 ಕೆಜಿ ಬರಬೇಕು, 10 ಎಂಎಂ 7.4 ಕೆಜಿ, 12 ಎಂಎಂ 10.7 ಕೆಜಿ. ತುಂಬಾ ಕಮ್ಮಿ ಬಂದ್ರೆ ಸೈಜು ಅಷ್ಟಿಲ್ಲ ಅಂತ ಅರ್ಥ. ಜಮೀನಿನ ಕೆಲಸ ಬಿಟ್ಟು ಇರೋಕೆ ಆಗಲ್ಲ ಅನ್ನೋರು ಮಾಲು ಸಮೇತ ಕೊಡಿ, ಆದ್ರೆ ಮೋಲ್ಡ್ ದಿನ ಒಂದು ದಿನ ಮಾತ್ರ ಎಲ್ಲೂ ಹೋಗಬೇಡಿ.

ಆ ದಿನ ನೋಡಬೇಕಾದ್ದು ನೀರು. ಬೇಗ ಹರೀಲಿ ಅಂತ ಮಿಕ್ಸರಿಗೆ ಪೈಪ್ ಇಟ್ಟು ನೀರು ಬಿಡ್ತಾರೆ. ಎಂ20ಗೆ ಒಂದು ಮೂಟೆ ಸಿಮೆಂಟಿಗೆ 30 ಲೀಟರ್ ನೀರೇ ಮಿತಿ. ನಾವು ಔಷಧಿ ಹೊಡೆಯೋ 16 ಲೀಟರ್ ಟ್ಯಾಂಕ್ ಇದೆಯಲ್ಲ, ಎರಡು ಟ್ಯಾಂಕಿಗಿಂತ ಕಮ್ಮಿ. ಮರಳು ಒದ್ದೆ ಇದ್ರೆ ಇನ್ನೂ ಕಮ್ಮಿ. ನೀರು ಜಾಸ್ತಿ ಆದ್ರೆ ಒಣಗಿದ ಮೇಲೆ ಒಳಗೆಲ್ಲಾ ಸಣ್ಣ ಸಣ್ಣ ತೂತು ಉಳಿಯುತ್ತೆ, ಮಳೆ ಇಳಿಯೋದು ಆ ದಾರಿಯಲ್ಲೇ. ಆಮೇಲೆ ನೀರು ಕಟ್ಟೋದು. ಈಗ ಬರೋ ಪಿಪಿಸಿ ಸಿಮೆಂಟಿಗೆ 10 ದಿನ ಸಾಲದು, ನಮ್ಮ ಬಿಸಿಲಿಗೆ 14 ದಿನ ಇರಲಿ. ಅದನ್ನ ಗುತ್ತಿಗೆಯವನಿಗೆ ಬಿಡಬೇಡಿ. ಕಾಲುವೆಗೆ ನೀರು ಹಾಯ್ಸೋ ಜನ ನಾವು, ತಾರಸಿ ಮೇಲೆ ಬದು ಕಟ್ಟಿ ನೀರು ನಿಲ್ಸೋದು ಏನು ಕಷ್ಟ?

ಇನ್ನು ದುಡ್ಡು. ಮೊದಲೇ ಅರ್ಧ ಅಡ್ವಾನ್ಸ್ ಕೇಳೋನು ಆ ದುಡ್ಡಲ್ಲಿ ಇನ್ನೊಬ್ಬರ ಮನೆ ಮುಗಿಸ್ತಾ ಇರ್ತಾನೆ ಅಂತ ನನ್ನ ಅನುಮಾನ. ಕೂಲಿ ಗುತ್ತಿಗೆಯಲ್ಲಿ ಒಪ್ಕೊಂಡ ದಿನ ನೂರಕ್ಕೆ ಹತ್ತು, ಸೆಂಟ್ರಿಂಗ್ ಆಗಿ ಕಂಬಿ ಕಟ್ಟಿ ಇಂಜಿನಿಯರ್ ನೋಡಿದ ಮೇಲೆ ಮೂವತ್ತು, ಮೋಲ್ಡ್ ಆದ ಸಂಜೆ ಮೂವತ್ತು, ಬಿಚ್ಚಿ ಮೇಲಿನ ಗಾರೆ ಆದ ಮೇಲೆ ಇಪ್ಪತ್ತು. ಉಳಿದ ಹತ್ತು ಮಳೆಗೆ. ಪೈಪಿನ ಬಾಯಿ ಮುಚ್ಚಿ ಎರಡು ದಿನ ನೀರು ನಿಲ್ಸಿ ನೋಡೋದೂ ಒಳ್ಳೇದೇ, ಆದ್ರೆ ಮೊದಲನೇ ದೊಡ್ಡ ಮಳೆಯಷ್ಟು ಕಟ್ಟುನಿಟ್ಟಿನ ಪರೀಕ್ಷೆ ಇಲ್ಲ. ಒಂದು ಶರತ್ತು, ಸೋರದೇ ಇದ್ರೆ ಮಾರನೇ ದಿನವೇ ಕರೆದು ಆ ದುಡ್ಡು ಕೊಡಬೇಕು. "ಆಮೇಲೆ ಬಾ" ಅಂತ ಓಡಾಡ್ಸಿದ್ರೆ ಮುಂದಿನ ರೈತನಿಗೆ ಯಾವ ಮೇಸ್ತ್ರಿಯೂ ಈ ಶರತ್ತು ಒಪ್ಪಲ್ಲ. ನಂಬಿಕೆ ಎರಡು ಕಡೆಯಿಂದಲೂ ಇರಬೇಕು.

ಕಾಗದ ಅಂದ್ರೆ ಮೇಸ್ತ್ರಿಗೆ ಬೇಜಾರಾಗುತ್ತೆ ಅಂತ ಹೆದರೋರು ಇದಾರೆ. ಒಳ್ಳೆ ಕೆಲಸಗಾರ ಕಾಗದಕ್ಕೆ ಹೆದರಲ್ಲ, ಅವನಿಗೂ ಅದು ಕಾವಲು, ನೀವು ಮಧ್ಯದಲ್ಲಿ ಪೋರ್ಟಿಕೋ ಸೇರಿಸಿದ್ರೆ ದುಡ್ಡು ಕೇಳೋಕೆ ಆಧಾರ. ನಮಗೂ ಅದೇ ಆಧಾರ. ಗುತ್ತಿಗೆಗೆ ಕೊಟ್ಟ ಮನೆ ಕಟ್ಟೋ ಕೆಲಸ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆ ಅಂತ ಸೇರಿದೆ. ಕೆಲಸ ಕೆಟ್ಟರೆ ಎರಡು ವರ್ಷದ ಒಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ರೆ ದೂರಿಗೆ ಫೀಜು ಇಲ್ಲ. ಆದ್ರೆ ಅಲ್ಲಿ ಮೊದಲು ಕೇಳೋದೇ ಕಾಗದ, ರಸೀದಿ. ದುಡ್ಡು ಬ್ಯಾಂಕಿನ ಮೂಲಕ ಅಥವಾ ಫೋನ್ ಪೇಯಲ್ಲಿ ಹಾಕಿದ್ರೆ ಅದೂ ದಾಖಲೆ.

ಕೊನೇದಾಗಿ ಎಲ್ಲರೂ ಒಳಗೊಳಗೆ ಮಾಡೋ, ಯಾರೂ ಬಾಯಿ ಬಿಟ್ಟು ಹೇಳದ ವಿಷಯ. "ಅವನು ನಮ್ಮವನು, ನಮ್ಮ ನೆಂಟ್ರು ಕಡೆಯೋನು" ಅಂತ ಕೆಲಸ ಕೊಡೋದು. ಪಕ್ಕದೂರಿನ ಒಂದು ಮನೆಯಲ್ಲಿ ಹೀಗೇ ಆಯ್ತು. ಭಾವಮೈದನ ಕಡೆಯವನು ಅಂತ ಕಾಗದ ಮಾಡ್ಲಿಲ್ಲ, ಕಂಬಿ ಎಣಿಸ್ಲಿಲ್ಲ. ಎರಡನೇ ಮಳೆಗಾಲಕ್ಕೆ ಸೂರೆಲ್ಲಾ ತೇವ. ಕೇಳೋಕೆ ಹೋದ್ರೆ ನೆಂಟಸ್ತನ ಕೆಡುತ್ತೆ, ಬಿಟ್ರೆ ಮನೆ ಕೆಡುತ್ತೆ. ಈಗ ಎರಡೂ ಕೆಟ್ಟಿವೆ. ನಮ್ಮವನು ಅಂತ ಕೊಟ್ರೆ ಕೇಳೋ ಬಾಯಿ ಮೊದಲೇ ಕಟ್ಟಿಹೋಗುತ್ತೆ. ನೆಂಟನೇ ಒಳ್ಳೆ ಕೆಲಸಗಾರ ಆಗಿದ್ರೆ ಖಂಡಿತ ಕೊಡಿ, ಅದೇ ಕಾಗದ, ಅದೇ ಹತ್ತು ಪರ್ಸೆಂಟ್ ಇಟ್ಕೊಂಡು ಕೊಡಿ.

ನಾನು ಮೇಸ್ತ್ರಿಯಲ್ಲಿ ನೋಡೋದು ಒಂದು ಗುಣ, ಅವನು "ಆಗಲ್ಲ" ಅನ್ನೋಕೆ ಹೆದರಬಾರದು. "ಈ ದಪ್ಪಕ್ಕೆ ಅಷ್ಟು ದೊಡ್ಡ ಹಾಲ್ ಆಗಲ್ಲ", "ಹನ್ನೆರಡು ದಿನಕ್ಕೆ ಬಿಚ್ಚೋಕೆ ಆಗಲ್ಲ", "ಆ ರೇಟಿಗೆ ಆಗಲ್ಲ". ಮೇಲೆ ರಾಗಿ ಒಣಗ್ಸ್ತೀರಾ, ನೀರಿನ ಟ್ಯಾಂಕ್ ಎಲ್ಲಿಡ್ತೀರಾ, ಮುಂದೆ ಮಗನಿಗೆ ಮೇಲೆ ಮನೆ ಕಟ್ತೀರಾ ಅಂತ ಅವನೇ ಕೇಳಿದ್ರೆ ಇನ್ನೂ ಒಳ್ಳೇದು. ಎಲ್ಲದಕ್ಕೂ "ಆಯ್ತಣ್ಣ, ಗ್ಯಾರಂಟಿ" ಅನ್ನೋನ ಹತ್ರ ಹುಷಾರು.

ಒಂದು ಮೋಲ್ಡ್ ಅಂದ್ರೆ ನಮ್ಮಂಥೋರಿಗೆ ನಾಲ್ಕೈದು ಬೆಳೆ ದುಡ್ಡು, ಜೊತೆಗೆ ಒಡವೆ ಸಾಲ. ಒಂದು ಸಲ ತಪ್ಪಿದ್ರೆ ತಿರುಗಿ ಬಿತ್ತೋಕೆ ಆಗಲ್ಲ. ಚಿತ್ತೆ ಇನ್ನೂ ನಾಲ್ಕು ದಿನ ಇದೆ, ಆಮೇಲೆ ಸ್ವಾತಿ. ಮಳೆ ಬಂದ ಮಾರನೇ ಬೆಳಗ್ಗೆ ಒಂದೆರಡು ಗಂಟೆ ಬಿಡುವು ಮಾಡ್ಕೊಂಡು ಅಕ್ಕಪಕ್ಕದ ಊರಿನ ಎರಡು ಹಳೇ ತಾರಸಿ ಹತ್ತಿ ಬನ್ನಿ. ನಿಮ್ಮೂರಲ್ಲಿ ಮೂರು ಮಳೆಗಾಲ ಕಂಡೂ ಸೋರದ ತಾರಸಿ ಇದ್ರೆ ಯಾವೂರಲ್ಲಿದೆ ಅಂತ ತಿಳ್ಸಿ, ನೋಡಬೇಕು ಅನ್ನೋರು ಹೋಗಿ ನೋಡ್ಲಿ.