ಕೀಲಿಕೈ ಬಂದರೆ ಸಾಲದು, ಹೆಸರೂ ಬರಬೇಕು

ಕನಕಪುರ, ಸಾತನೂರು, ಕಬ್ಬಾಳು ಭಾಗದ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಕಾರು ಇಂದು ವಿಲಾಸದ ವಸ್ತುವಲ್ಲ. ಮಾರುಕಟ್ಟೆಗೆ, ಬ್ಯಾಂಕಿಗೆ, ಬೆಂಗಳೂರಿನ ಗಿರಾಕಿಗಳ ಬಳಿಗೆ ಓಡಾಡಲು ಅದು ಬೇಕೇ ಬೇಕು. ಹೊಸ ಕಾರಿಗೆ ಬಂಡವಾಳ ತೊಡಗಿಸುವ ಬದಲು ಬಳಸಿದ ಕಾರನ್ನು ಕೊಳ್ಳುವುದು ವ್ಯವಹಾರದ ದೃಷ್ಟಿಯಿಂದ ಜಾಣತನವೇ ಸರಿ. ಅದರಲ್ಲಿಯೂ ಹೊರರಾಜ್ಯದ ಕಾರು, ಅಪರೂಪಕ್ಕೆ ಹೊರದೇಶದಿಂದ ತಂದದ್ದೆನ್ನಲಾದ ಕಾರು, ಅಗ್ಗದ ಬೆಲೆಗೆ ಸಿಕ್ಕಾಗ ಮನಸ್ಸು ಅತ್ತ ವಾಲುವುದು ಸಹಜ. ಮೆಕ್ಯಾನಿಕ್ ಬಂದು ಎಂಜಿನ್ ಪರೀಕ್ಷಿಸುತ್ತಾನೆ, ಹಣ ಕೈ ಬದಲಾಗುತ್ತದೆ, ಕಬ್ಬಾಳಮ್ಮನ ಸನ್ನಿಧಿಯಲ್ಲಿ ಪೂಜೆಯೂ ನೆರವೇರುತ್ತದೆ. ಕಾಗದಪತ್ರಗಳ ವಿಷಯ ಮಾತ್ರ ‘ಆಮೇಲೆ ನೋಡೋಣ’ ಎಂಬ ಮಾತಿನಲ್ಲಿ ನಿಂತುಬಿಡುತ್ತದೆ. ಇಡೀ ವ್ಯವಹಾರದಲ್ಲಿ ಅತ್ಯಂತ ದುಬಾರಿಯಾದದ್ದು ಈ ‘ಆಮೇಲೆ’ ಎಂಬುದೇ.

ಹೊರದೇಶದ ಕಾರು

ಬಳಸಿದ ಕಾರನ್ನು ಹೊರದೇಶದಿಂದ ತರುವುದಕ್ಕೆ ನಮ್ಮ ಆಮದು ನೀತಿ ತೆರೆದಿಟ್ಟಿರುವ ಬಾಗಿಲು ಬಹಳ ಕಿರಿದು. ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಗಡೆಗಿರಬೇಕು, ವೇಗಮಾಪಕ ಕಿಲೋಮೀಟರಿನಲ್ಲಿರಬೇಕು ಎಂಬಿವೇ ಮೊದಲಾದ ಷರತ್ತುಗಳಿವೆ. ಇವೆಲ್ಲವನ್ನೂ ಪೂರೈಸಿದ ಮೇಲೆ ತೆರಬೇಕಾದ ಒಟ್ಟು ಸುಂಕ ಕಾರಿನ ಮೌಲ್ಯವನ್ನೇ ಮೀರುತ್ತದೆ. ಆದ್ದರಿಂದ ‘ವಿದೇಶಿ ಕಾರು, ಅಗ್ಗದ ಬೆಲೆ’ ಎಂಬ ಮಾತು ಕೇಳಿಬಂದಾಗಲೇ ವ್ಯವಹಾರಸ್ಥನಿಗೆ ಲೆಕ್ಕ ಕೂಡಿಬರುತ್ತಿಲ್ಲವೆಂಬುದು ಹೊಳೆಯಬೇಕು.

ನೆರೆಯ ಕೇರಳದಲ್ಲಿ ನಡೆದ ಘಟನೆ ಇದಕ್ಕೆ ತಕ್ಕ ಉದಾಹರಣೆ. 2025ರ ಸೆಪ್ಟೆಂಬರ್ 23ರಂದು ಸುಂಕ ಇಲಾಖೆಯು ‘ಆಪರೇಷನ್ ನುಮ್ಖೋರ್’ ಎಂಬ ಹೆಸರಿನಲ್ಲಿ ಅಲ್ಲಿ ವ್ಯಾಪಕ ಶೋಧ ನಡೆಸಿ ಹಲವಾರು ಕಾರುಗಳನ್ನು ವಶಪಡಿಸಿಕೊಂಡಿತು. ಭೂತಾನಿನಲ್ಲಿ ಬಳಸಿದ ಬೆಲೆಬಾಳುವ ವಾಹನಗಳನ್ನು ಸುಂಕ ತೆರದೆ ಗಡಿ ದಾಟಿಸಿ, ನಕಲಿ ದಾಖಲೆಗಳ ಆಧಾರದ ಮೇಲೆ ಹೊರರಾಜ್ಯಗಳಲ್ಲಿ ನೋಂದಣಿ ಮಾಡಿಸಿ, ಅಲ್ಲಿಂದ ದೇಶದೊಳಗಿನ ಕೊಳ್ಳುಗರಿಗೆ ಮಾರಲಾಗಿದೆ ಎಂಬುದು ಇಲಾಖೆಯ ಆರೋಪ. ಕೊಂಡವರ ಬಳಿ ನೋಂದಣಿ ಪತ್ರವಿದ್ದಾಗಲೂ ಕಾರು ಅಂಗಳದಿಂದ ಹೊರಟುಹೋಯಿತು.

ಇದರ ಹಿಂದಿರುವ ತತ್ತ್ವ ವರ್ತಕರಿಗೆ ಹೊಸದಲ್ಲ. ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬಾರದು ಎಂಬುದು 1930ರ ಸರಕು ಮಾರಾಟ ಕಾಯಿದೆಯ ಮೂಲಸೂತ್ರ. ಸುಂಕ ತಪ್ಪಿಸಿ ತಂದ ಸರಕು ಎಷ್ಟು ಕೈ ಬದಲಾದರೂ ಮುಟ್ಟುಗೋಲಿನ ಭಯದಿಂದ ಪಾರಾಗದು. ಆದ್ದರಿಂದ ಆಮದಾದ ಕಾರಿನ ಮಟ್ಟಿಗೆ ನೋಂದಣಿ ಪತ್ರವೊಂದೇ ಸಾಲದು. ಸುಂಕ ಸಂದಾಯವಾದುದಕ್ಕೆ ಸಾಕ್ಷಿಯಾದ ಬಿಲ್ ಆಫ್ ಎಂಟ್ರಿಯನ್ನು ಕೇಳಿ ಪಡೆದು, ಅದರಲ್ಲಿನ ಚಾಸಿಸ್ ಸಂಖ್ಯೆಯನ್ನು ವಾಹನದ ಮೇಲಿನ ಸಂಖ್ಯೆಯೊಡನೆ ತಾಳೆ ನೋಡಬೇಕು. ಅದನ್ನು ತೋರಿಸಲು ಹಿಂಜರಿಯುವವನಿಂದ ಕಾರು ಕೊಳ್ಳಲೇಬಾರದು.

ಹೊರರಾಜ್ಯದ ಕಾರು

ನಮ್ಮ ಭಾಗದಲ್ಲಿ ಹೆಚ್ಚಾಗಿ ಎದುರಾಗುವುದು ಹೊರರಾಜ್ಯದ ಕಾರಿನ ಪ್ರಶ್ನೆ. ಇಲ್ಲಿ ಕಾನೂನು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಮೂಲ ನೋಂದಣಿ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಇದಕ್ಕೆ ಅರ್ಜಿ ನಮೂನೆ 28. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30, ಹೊಸ ನೋಂದಣಿ ಸಂಖ್ಯೆಗೆ ನಮೂನೆ 27. ಕಾರಿನ ಮೇಲೆ ಸಾಲವಿದ್ದಲ್ಲಿ ಅದು ತೀರಿತೆಂದು ಸಾಲ ನೀಡಿದ ಸಂಸ್ಥೆಯ ಸಹಿಯುಳ್ಳ ನಮೂನೆ 35 ಬೇಕು. ಮಾರಿದವನು ವರ್ಗಾವಣೆಯ ವರದಿಯನ್ನು ರಾಜ್ಯದೊಳಗಾದರೆ 14 ದಿನಗಳಲ್ಲಿ, ರಾಜ್ಯದ ಹೊರಗಾದರೆ 45 ದಿನಗಳಲ್ಲಿ ಸಲ್ಲಿಸಬೇಕು. ಕೊಂಡವನಿಗೆ ಇರುವ ಅವಧಿ 30 ದಿನ.

ಇಷ್ಟು ಸರಳವಾದ ಕ್ರಮವನ್ನು ಜನರು ಮುಂದೂಡುವುದೇಕೆ? ಕಾರಣ ಆಜೀವ ತೆರಿಗೆ. ಕರ್ನಾಟಕದಲ್ಲಿ ಹೊಸ ಕಾರಿಗೆ ಬೆಲೆಯನ್ನನುಸರಿಸಿ ಶೇಕಡಾ 13ರಿಂದ 18ರವರೆಗೆ ತೆರಿಗೆಯಿದೆ. ಹಳೆಯ ಕಾರಿಗೆ ವಯಸ್ಸಿಗನುಗುಣವಾಗಿ ಇದು ಇಳಿಯುತ್ತದೆಯಾದರೂ, ಅಗ್ಗವಾಗಿ ಸಿಕ್ಕ ಕಾರಿನ ಲಾಭದ ಬಹುಪಾಲು ಇಲ್ಲಿಯೇ ಕರಗಿಹೋಗಬಹುದು. ಹೊರರಾಜ್ಯದ ವಾಹನ 30 ದಿನ ಮೀರಿ ಇಲ್ಲಿದ್ದರೆ ತೆರಿಗೆ ವಿಧಿಸುವ 2014ರ ತಿದ್ದುಪಡಿಯನ್ನು ಹೈಕೋರ್ಟಿನ ಏಕಸದಸ್ಯ ಪೀಠ 2016ರಲ್ಲಿ ರದ್ದುಪಡಿಸಿದ್ದನ್ನು ನೆನಪಿಸಿ, ಅವಸರವಿಲ್ಲವೆಂದು ಧೈರ್ಯ ಹೇಳುವ ಮಧ್ಯವರ್ತಿಗಳಿದ್ದಾರೆ. ಆದರೆ ಆ ವಿವಾದ ತೆರಿಗೆಯ ಕಾಲಮಿತಿಗೆ ಸಂಬಂಧಿಸಿದ್ದು. ಇಲ್ಲಿಯೇ ಇಟ್ಟುಕೊಳ್ಳಲೆಂದು ಕೊಂಡ ಕಾರನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಹೊಣೆಯಿಂದ ಅದು ಯಾರನ್ನೂ ಬಿಡಿಸದು. ಆದ್ದರಿಂದ ಬೆಲೆ ಗೊತ್ತುಮಾಡುವ ಮೊದಲೇ ರಾಮನಗರದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ತೆರಿಗೆಯ ಮೊತ್ತ ವಿಚಾರಿಸಿ, ಅದನ್ನು ಕ್ರಯದ ಭಾಗವೆಂದೇ ಎಣಿಸತಕ್ಕದ್ದು.

ಕಾರು ಎಲ್ಲಿಂದ, ಏಕೆ ಬಂದಿತೆಂಬುದನ್ನೂ ವಿಚಾರಿಸಬೇಕು. ದಿಲ್ಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಹಾಗೂ ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳ ಓಡಾಟಕ್ಕೆ ತಡೆ ಬಿದ್ದದ್ದು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು, 2025ರಲ್ಲಿ ಅದರ ಬಿಗಿ ಕೊಂಚ ಸಡಿಲಗೊಂಡದ್ದು ಎಲ್ಲರಿಗೂ ತಿಳಿದಿದೆ. ಇಂಥ ಕಾರು ಅಗ್ಗವಾಗಿರುವುದಕ್ಕೆ ಕಾರಣವಿದೆ. ಉಳಿದ ಆಯುಷ್ಯವನ್ನು ಲೆಕ್ಕ ಹಾಕಿಯೇ ಕೈ ಹಾಕಬೇಕು.

ಮಾರಿದವನ ತಲೆಯ ಮೇಲಿನ ಕತ್ತಿ

ಕಾಗದಪತ್ರದ ಚಿಂತೆ ಕೊಳ್ಳುವವನದು ಮಾತ್ರವೆಂಬ ಭಾವನೆ ತಪ್ಪು. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪನ್ನು ಪ್ರತಿಯೊಬ್ಬ ವರ್ತಕನೂ ತಿಳಿದಿರಬೇಕು. 2007ರಲ್ಲಿ ಮಾರಾಟವಾದ ಕಾರು ಹಲವು ಕೈ ಬದಲಾಗಿ 2009ರಲ್ಲಿ ಅಪಘಾತಕ್ಕೀಡಾಯಿತು. ನೋಂದಣಿ ಮಾತ್ರ ಮೊದಲ ಮಾಲೀಕನ ಹೆಸರಿನಲ್ಲಿಯೇ ಉಳಿದಿತ್ತು, ವಿಮೆಯೂ ಇರಲಿಲ್ಲ. ನೋಂದಣಿ ಯಾರ ಹೆಸರಿನಲ್ಲಿದೆಯೋ ಆತನೇ ಕಾಯಿದೆಯ ಕಣ್ಣಿನಲ್ಲಿ ಮಾಲೀಕ, ಪರಿಹಾರದ ಹೊಣೆ ಆತನದೇ ಎಂದು ನ್ಯಾಯಾಲಯ ಹೇಳಿತು. ಖಾಲಿ ನಮೂನೆಗಳಿಗೆ ಸಹಿ ಹಾಕಿ ಮಧ್ಯವರ್ತಿಯ ಕೈಗಿತ್ತು ನಿಶ್ಚಿಂತರಾಗಿರುವವರು ಈ ತೀರ್ಪಿನ ಮುಂದೆ ನಿಶ್ಚಿಂತರಾಗಿರಲಾರರು. ಸಣ್ಣ ಅಂಗಡಿಯ ಇಡೀ ಬಂಡವಾಳವನ್ನು ನುಂಗಬಲ್ಲ ಪರಿಹಾರದ ಆದೇಶ, ಎಂದೋ ಮಾರಿ ಮರೆತ ಕಾರಿನ ನೆಪದಲ್ಲಿ ಮನೆಬಾಗಿಲಿಗೆ ಬರಬಹುದು.

ವಿಮೆಯದೂ ಇದೇ ಕಥೆ. ವಾಹನ ಕೈ ಬದಲಾದಾಗ ಮೂರನೆಯ ವ್ಯಕ್ತಿಯ ಹಾನಿಗೆ ಸಂಬಂಧಿಸಿದ ರಕ್ಷಣೆ ಹೊಸ ಮಾಲೀಕನಿಗೆ ತಾನಾಗಿ ಸಲ್ಲುತ್ತದೆ. ಆದರೆ ಸ್ವಂತ ಕಾರಿಗಾದ ಹಾನಿಯ ಪರಿಹಾರ ಹಾಗೆ ತಾನಾಗಿ ಬಾರದೆಂದು 1995ರಲ್ಲಿಯೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಪಾಲಿಸಿಯನ್ನು ವರ್ಗಾಯಿಸಿಕೊಳ್ಳದೆ ಕಂತು ಕಟ್ಟುತ್ತ ಹೋಗುವುದು ವ್ಯರ್ಥ ವೆಚ್ಚ.

ಲೆಕ್ಕಪುಸ್ತಕದಲ್ಲಿ ಕಾರು

ಆದಾಯ ತೆರಿಗೆಯ ವಿಷಯದಲ್ಲಿ ನ್ಯಾಯಾಲಯಗಳು ‘ಮಾಲೀಕ’ ಎಂಬ ಪದಕ್ಕೆ ವಿಶಾಲ ಅರ್ಥ ಕೊಟ್ಟಿವೆ. ನಮ್ಮ ರಾಜ್ಯದ ಮೈಸೂರು ಮಿನರಲ್ಸ್ ಸಂಸ್ಥೆಯ ಪ್ರಕರಣದಲ್ಲಿ, ಕ್ರಯಪತ್ರ ನೋಂದಣಿಯಾಗದಿದ್ದರೂ ಸ್ವಾಧೀನದಲ್ಲಿದ್ದ ಮನೆಗಳ ಮೇಲೆ ಸವಕಳಿ ಸಲ್ಲುವುದೆಂದು ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪಿತ್ತಿತು. ಆದರೆ ಈ ಔದಾರ್ಯವನ್ನು ನಂಬಿ ಪರರ ಹೆಸರಿನ ಕಾರನ್ನು ಆಸ್ತಿಪಟ್ಟಿಯಲ್ಲಿ ತೋರಿಸಿ ಸುಮ್ಮನಿರುವುದು ಸಲ್ಲದು. ಅಪಘಾತ ಪರಿಹಾರ ನ್ಯಾಯಮಂಡಳಿ ಖಾತೆಪುಸ್ತಕವನ್ನು ಕೇಳುವುದಿಲ್ಲ. ಅದು ನೋಡುವುದು ನೋಂದಣಿ ಪತ್ರವನ್ನು.

ಜಿಎಸ್‌ಟಿ ನೋಂದಾಯಿತ ವರ್ತಕರು ವ್ಯವಹಾರದ ಹಳೆಯ ಕಾರನ್ನು ಮಾರುವಾಗಲೂ ಎಚ್ಚರ ಬೇಕು. 2025ರ ಜನವರಿಯಿಂದ ಬಳಸಿದ ಕಾರುಗಳಿಗೆ ಏಕರೂಪವಾಗಿ ಶೇಕಡಾ 18ರ ದರವಿದೆ. ಹೂಡುವಳಿ ತೆರಿಗೆಯ ಜಮೆಯನ್ನು ಪಡೆದಿರದಿದ್ದಲ್ಲಿ ಈ ತೆರಿಗೆ ಇಡೀ ಕ್ರಯದ ಮೇಲಲ್ಲ, ಲಾಭಾಂಶದ ಮೇಲೆ ಮಾತ್ರ. ಸವಕಳಿ ಪಡೆದ ಕಾರಾದರೆ ಮಾರಾಟ ಬೆಲೆಯಿಂದ ಸವಕಳಿ ಕಳೆದ ಮೌಲ್ಯವನ್ನು ಕಳೆಯಬೇಕು. ಉಳಿಕೆ ಏನೂ ಇಲ್ಲದಿದ್ದರೆ ತೆರಿಗೆಯೂ ಇಲ್ಲ.

ಆಗಬೇಕಾದದ್ದು

ಸರ್ಕಾರದ ಪಾಲೂ ಇಲ್ಲಿದೆ. 2021ರಲ್ಲಿ ಜಾರಿಗೆ ಬಂದ ಬಿಎಚ್ ಸರಣಿಯ ನೋಂದಣಿ ಸರ್ಕಾರಿ ನೌಕರರಿಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಖಾಸಗಿ ಸಂಸ್ಥೆಗಳ ನೌಕರರಿಗೂ ಒದಗಿದೆ. ಸ್ವಂತ ವ್ಯಾಪಾರ ಮಾಡುವವನಿಗೆ ಅದರ ಲಾಭವಿಲ್ಲ. ಒಂದು ರಾಜ್ಯಕ್ಕೆ ಆಜೀವ ತೆರಿಗೆ ತೆತ್ತ ಕಾರಿಗೆ ಇನ್ನೊಂದು ರಾಜ್ಯದಲ್ಲಿ ಮತ್ತೆ ತೆರುವುದು, ಮೊದಲಿನದರ ಮರುಪಾವತಿಗೆ ದೂರದ ಕಚೇರಿಯನ್ನು ಅಲೆಯುವುದು, ಇವು ಜನರನ್ನು ಕಾನೂನಿನಿಂದ ದೂರ ತಳ್ಳುವ ವ್ಯವಸ್ಥೆಗಳು. ಮರುಪಾವತಿಯನ್ನು ಹೊಸ ರಾಜ್ಯದ ತೆರಿಗೆಗೆ ನೇರವಾಗಿ ವಜಾ ಮಾಡಿಕೊಡುವ ಏರ್ಪಾಡಿಗಾಗಿ ವಾಣಿಜ್ಯ ಸಂಘಗಳು ಒತ್ತಾಯಿಸುವುದು ನ್ಯಾಯವೇ.

ಅಲ್ಲಿಯವರೆಗೆ ವರ್ತಕರು ತಮ್ಮಲ್ಲಿಯೇ ಒಂದು ಪದ್ಧತಿಯನ್ನು ರೂಢಿಸಿಕೊಳ್ಳಬಹುದು. ಹಣ ಕಾಗದದ ಹಿಂದೆ ಹೋಗಲಿ, ಮುಂದೆ ಹೋಗದಿರಲಿ. ನಿರಾಕ್ಷೇಪಣಾ ಪತ್ರ ಮತ್ತು ಸಾಲ ತೀರಿದ ಪತ್ರ ಕೈಸೇರುವವರೆಗೆ ಮುಂಗಡ ಮಾತ್ರ. ಒಂದು ಭಾಗವನ್ನು ಹೆಸರು ವರ್ಗಾವಣೆಯಾದ ದಿನಕ್ಕೆ ಕಾದಿರಿಸುವುದು. ಪಾವತಿಯೆಲ್ಲ ಬ್ಯಾಂಕಿನ ಮೂಲಕ. ದಿನಾಂಕ ಮತ್ತು ವೇಳೆ ನಮೂದಿಸಿದ ಒಪ್ಪಿಸುವಿಕೆಯ ಪತ್ರಕ್ಕೆ ಇಬ್ಬರ ಸಹಿ. ಮಾರುವವನೂ ವರ್ಗಾವಣೆ ಮುಗಿಯಿತೆಂಬುದನ್ನು ದಾಖಲೆಯಲ್ಲಿ ಕಣ್ಣಾರೆ ಕಂಡ ಮೇಲೆಯೇ ಆ ಕಾರಿನ ಕಡತ ಮುಚ್ಚಬೇಕು. ಕಟ್ಟಡವನ್ನೋ ಜಮೀನನ್ನೋ ಕೊಳ್ಳುವಾಗ ಹತ್ತಾರು ವರ್ಷಗಳ ಋಣಭಾರ ಪತ್ರ ತೆಗೆಸುವ ವರ್ತಕರು, ಲಕ್ಷಾಂತರ ರೂಪಾಯಿಯ ಕಾರಿಗೆ ಆ ಎಚ್ಚರದ ಕಾಲುಭಾಗವನ್ನಾದರೂ ತೋರಿದರೆ ನಷ್ಟವೂ ನ್ಯಾಯಾಲಯದ ಅಲೆದಾಟವೂ ತಪ್ಪಿಯಾವು.